ಹೊಸ್ತಿಲಿನಾಚೆಯ ಮನೆ

ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಗಣಿಸಿರುವ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು. ಅದನ್ನು ರಚಿಸಿದ ಗುಲ್ವಾಡಿ ವೆಂಕಟರಾಯರು ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದವರು. ಮನೆಗಳ ಒಳಗುಟ್ಟನ್ನು ಅರಿಯಲು ಆ ಉದ್ಯೋಗವೂ ನೆರವಾಗಿದ್ದಿರಬೇಕು. ಕಥಾನಾಯಿಕೆ ಬಾಲವಿಧವೆ. ಹೆತ್ತವರೇ ಅವಳನ್ನು ಸಂತಮಂಡಳಿಯೆಂಬ ಹೆಸರಿನ ಕಪಟಿಗಳ ಸೇವೆಗೆ ಒಪ್ಪಿಸಲು ಹವಣಿಸುವರು. ಅವಳು ಒಪ್ಪದೆ ಮನೆಯನ್ನು ಬಿಟ್ಟು ಓಡಿಹೋಗುವಳು. ಕನ್ನಡ ಕಾದಂಬರಿಯು ಹುಟ್ಟುವಾಗಲೇ ಹೊಸ್ತಿಲು ದಾಟಿದ ಹೆಣ್ಣೊಬ್ಬಳ ಕೈಯನ್ನು ಹಿಡಿದುಕೊಂಡು ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ಅಂದಿನಿಂದ ಇಂದಿನವರೆಗೆ ಪುರುಷಾಧಿಕಾರಕ್ಕೆ ತಲೆಬಾಗದ ಸ್ತ್ರೀಯರ ಚಿತ್ರಗಳು ನಮ್ಮ ಕಥಾಸಾಹಿತ್ಯದಲ್ಲಿ ಹೇರಳವಾಗಿ ಬಂದಿರುವುವು. ಅವುಗಳನ್ನು ಕುರಿತು ವಿಮರ್ಶೆಯೂ ಸಾಕಷ್ಟು ಬೆಳೆದಿದೆ. ಆದರೆ ಆ ವಿಮರ್ಶೆಯಲ್ಲಿ ಒಂದು ರೂಢಿ ಬೇರೂರಿರುವುದು. ನಾಯಿಕೆ ಎಷ್ಟು ಧೈರ್ಯವಾಗಿ ಮಾತನಾಡಿದಳು, ಗಂಡನಿಗೆ ಏನೆಂದು ಉತ್ತರ ಕೊಟ್ಟಳು, ಬಾಗಿಲನ್ನು ಎಷ್ಟು ರಭಸದಿಂದ ಹಾಕಿಕೊಂಡು ಹೊರಟಳು ಎಂಬುದರ ಮೇಲೆ ಕೃತಿಯ ಬೆಲೆ ನಿಲ್ಲುತ್ತದೆ. ಬಾಗಿಲು ಹಾಕಿಕೊಂಡವಳು ಆ ರಾತ್ರಿ ಎಲ್ಲಿ ಮಲಗಿದಳು ಎಂದು ಕೇಳಿದ ವಿಮರ್ಶಕರು ವಿರಳ. ಇದನ್ನು ಕೇಳದೆ ಹೋದರೆ ಅನೇಕ ಒಳ್ಳೆಯ ಕೃತಿಗಳ ಅರ್ಥವೇ ಕೈತಪ್ಪುವುದು. ಇಂದಿರಾಬಾಯಿಯ ಧೈರ್ಯ ಫಲಿಸಿದ್ದು ಅಮೃತರಾಯರೆಂಬ ಸುಧಾರಕರ ಮನೆ ಅದೇ ಊರಿನಲ್ಲಿ ಇದ್ದುದರಿಂದ. ಆ ಮನೆಯವರು ಅವಳನ್ನು ಒಳಗೆ ಕರೆದುಕೊಂಡರು, ಓದಿಸಿದರು, ವಿದ್ಯಾವಂತನಾದ ಭಾಸ್ಕರನಿಗೆ ಕೊಟ್ಟು ಮದುವೆ ಮಾಡಿದರು. ಆ ಎರಡನೆಯ ಮನೆಯೊಂದು ಇರದಿದ್ದಲ್ಲಿ ಅಷ್ಟೇ ಧೈರ್ಯದ ಅದೇ ಹುಡುಗಿಯ ಕಥೆ ಕೆರೆಯಲ್ಲಿಯೋ ಬಾವಿಯಲ್ಲಿಯೋ ಮುಗಿಯುತ್ತಿತ್ತು.

ಬೀದರ ಸೀಮೆಯ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯಕ್ಕ ಅರಸನ ಮನೆಯನ್ನು ತೊರೆದು ಹೊರಟಳೆಂದು ಪರಂಪರೆ ಹೇಳುವುದು. ಅವಳು ಹೊರಟಿದ್ದು ಗೊತ್ತುಗುರಿಯಿಲ್ಲದೆ ಅಲ್ಲ. ಕಲ್ಯಾಣವೆಂಬ ಊರೊಂದಿದ್ದಿತು, ಅಲ್ಲಿ ಅನುಭವಮಂಟಪವೆಂಬ ಬಾಗಿಲೊಂದಿದ್ದಿತು. ಅಲ್ಲಮಪ್ರಭು ಆ ಬಾಗಿಲಲ್ಲಿ ನಿಲ್ಲಿಸಿ ಕಠಿಣವಾಗಿ ಪರೀಕ್ಷಿಸಿದರೂ ಬಾಗಿಲು ತೆರೆಯಿತು. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಳು. ಗಂಡನಾದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಬೇಯಿಸಲೊಲ್ಲೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕಟ್ಟಿದವಳು ಅವಳು. ಮನೆ ಬಿಟ್ಟು ಹೋಗುವ ಅಕ್ಕ ಒಬ್ಬಳು, ಒಲೆಯ ಮುಂದೆ ಕುಳಿತೇ ಒಲ್ಲೆನೆನ್ನುವ ಲಕ್ಕಮ್ಮ ಒಬ್ಬಳು. ನಮ್ಮ ವಿಮರ್ಶೆಯ ಕಣ್ಣು ಅಕ್ಕನಲ್ಲಿಯೇ ನೆಟ್ಟುದು. ಲಕ್ಕಮ್ಮನ ಕಡೆಗೆ ತಿರುಗಿದ್ದು ಕಡಮೆ.

ಈ ಜಿಲ್ಲೆಯ ಹೆಣ್ಣುಮಕ್ಕಳಿಗೆ ಎರಡನೆಯ ಮನೆಯೆಂದರೆ ಯಾವುದು? ಔರಾದ ತಾಲ್ಲೂಕಿನ ಹುಡುಗಿ ದೇಗಲೂರಿಗೋ ಉದಗೀರಕ್ಕೋ ಸೊಸೆಯಾಗಿ ಹೋದರೆ ಅಡಿಗೆಮನೆಯ ಮಾತು ಮರಾಠಿಯಾಗುವುದು. ಬೀದರ ಪಟ್ಟಣದ ಹುಡುಗಿ ಜಹೀರಾಬಾದಿನ ಕಡೆಯ ಮನೆಯನ್ನು ಸೇರಿದರೆ ತೆಲುಗನ್ನು ಕಲಿಯಬೇಕಾಗುವುದು. ಮನೆಯ ಜೊತೆಗೆ ನುಡಿಯೂ ಬದಲಾದವಳಿಗೆ ತವರೆಂಬುದು ಬೇರೆ ಸೀಮೆಯವರಿಗಿಂತ ಒಂದು ಹಿಡಿ ಹೆಚ್ಚೇ ಸರಿ. ಇಲ್ಲಿಯ ಬೀಸುಕಲ್ಲಿನ ಪದಗಳಲ್ಲಿ ತವರು ಅಷ್ಟೊಂದು ಸಲ ಬರುವುದು ಸುಮ್ಮನೆ ಅಲ್ಲ. ಆದರೆ ಹಾಡಿನಲ್ಲಿ ಕಾಣುವ ತವರು ಬೇರೆ, ಗಂಡನ ಮನೆಯಲ್ಲಿ ಬಾಳಲಾಗದೆ ಪೆಟ್ಟಿಗೆ ಹಿಡಿದುಕೊಂಡು ಭಾಲ್ಕಿಯ ನಿಲ್ದಾಣದಲ್ಲಿ ಇಳಿದು ಬರುವ ಮಗಳು ಕಾಣುವ ತವರು ಬೇರೆ. ಕನ್ನಡದ ಉತ್ತಮ ಕಥೆಗಾರ್ತಿಯರು ಬರೆದಿರುವುದು ಈ ಎರಡನೆಯ ತವರನ್ನು.

ಮೊದಲ ತಲೆಮಾರಿನ ಲೇಖಕಿಯರು ಆ ಬಾಗಿಲಿನವರೆಗೆ ಬರಲಿಲ್ಲವೆನ್ನುವುದು ಸತ್ಯವಾದರೂ ಅದನ್ನು ದೋಷವೆನ್ನುವುದು ಅನ್ಯಾಯ. ನಂಜನಗೂಡು ತಿರುಮಲಾಂಬೆಯವರು ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯಕ್ಕೊಳಗಾಗಿ, ತವರಿನಲ್ಲಿ ಓದು ಕಲಿತು, 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ತಾವೇ ನಡೆಸತೊಡಗಿದರು. ಅವರ 'ಸುಶೀಲೆ'ಯಲ್ಲಿ ಹೊಗಳಿಸಿಕೊಂಡಿರುವುದು ಪಾತಿವ್ರತ್ಯವೇ. ಹೊತ್ತಗೆಯ ಒಳಗಿನ ನಾಯಿಕೆ ಸಹನೆಯನ್ನು ಬೋಧಿಸುತ್ತಿರುವಾಗ ಹೊತ್ತಗೆಯ ಹೊರಗಿನ ಲೇಖಕಿ ಪ್ರಕಾಶಕಿಯಾಗಿ, ಪತ್ರಿಕಾ ಸಂಪಾದಕಿಯಾಗಿ ಗಂಡಸರ ಉದ್ಯೋಗಗಳನ್ನೆಲ್ಲ ಮಾಡುತ್ತಿದ್ದಳು. ಮುಂದಿನ ಪೀಳಿಗೆಯ ಕೊಡಗಿನ ಗೌರಮ್ಮನವರು ಕಥೆಗಳಿಗೆ ಹಾಕಿಕೊಂಡಿದ್ದುದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಗಂಡನ ಹೆಸರು. 1934ರಲ್ಲಿ ಗಾಂಧಿಯವರು ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಮೈಮೇಲಿನ ಆಭರಣಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟವರೂ ಅವರೇ. 'ಅಪರಾಧಿ ಯಾರು?' ಎಂಬುದು ಅವರ ಒಂದು ಕಥೆಯ ಹೆಸರು. ಉತ್ತರಕ್ಕಿಂತ ಪ್ರಶ್ನೆಯೇ ಅವರ ಕೈಗೆ ಹೆಚ್ಚು ಒಗ್ಗಿತ್ತು. 1939ರಲ್ಲಿ, ಇಪ್ಪತ್ತೇಳು ವರ್ಷವಿರುವಾಗ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಕನ್ನಡ ಸಣ್ಣಕಥೆಗೆ ಆದ ನಷ್ಟ ಸಣ್ಣದಲ್ಲ.

ತ್ರಿವೇಣಿಯವರ 'ಶರಪಂಜರ'ದಲ್ಲಿ ಪ್ರಶ್ನೆ ಬೇರೊಂದು ಮುಖವನ್ನು ತಾಳುವುದು. ಅಲ್ಲಿ ಕಾವೇರಿ ಮನೆಯನ್ನು ಬಿಟ್ಟವಳಲ್ಲ, ಮನೆಗೆ ಮರಳಿದವಳು. ಚಿತ್ತರೋಗದಿಂದ ಗುಣಹೊಂದಿ ಬಂದವಳಿಗೆ ಹಾಸಿಗೆ, ಊಟ, ಉಡಿಗೆ ಎಲ್ಲವೂ ದೊರೆಯುವುವು; ನಂಬಿಕೆಯೊಂದು ಮಾತ್ರ ದೊರೆಯದು. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ತನ್ನ ಮನೆಯೇ ಪರರ ಮನೆಯಾದ ಮೇಲೆ ಆಸ್ಪತ್ರೆಯೇ ಮನೆಯಾಗಬೇಕಾಗುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದ ಮೂಲಕ ಈ ಕಥೆ ಓದು ಬಾರದವರಿಗೂ ತಲುಪಿತು. ಚಿತ್ರವನ್ನು ಕಂಡವರಲ್ಲಿ ಕಾದಂಬರಿಯನ್ನು ಓದಿದವರು ಎಷ್ಟು ಜನರೋ ತಿಳಿಯದು, ಓದಬೇಕು. ಕೋಣೆಯೊಳಗೆ ಒಬ್ಬಳನ್ನು ಮಾತಿಲ್ಲದೆ ಹೇಗೆ ಹೊರಹಾಕಬಹುದೆಂಬುದನ್ನು ತ್ರಿವೇಣಿಯವರಷ್ಟು ಸಣ್ಣದನಿಯಲ್ಲಿ ಹೇಳಿದವರು ಬೇರೊಬ್ಬರಿಲ್ಲ.

ಇನ್ನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಲ್ಲಿ ಪ್ರಕಟವಾದ ಈ ಕಿರುಕಾದಂಬರಿ ಲೇಖಕಿಯ ಬಳಗದಲ್ಲಿಯೇ ಬಾಳಿ ಬದುಕಿದ ಮುದುಕಿಯೊಬ್ಬರ ಜೀವನವನ್ನು ಆಧರಿಸಿದುದು. ಒಂಬತ್ತನೆಯ ವರುಷಕ್ಕೆ ಮದುವೆ. ಅದರ ಬೆನ್ನಿಗೇ ಹಾವು ಕಚ್ಚಿ ಗಂಡನ ಮರಣ. ಮೈನೆರೆದ ಬಳಿಕ ತಲೆಬೋಳಿಸುವ ಶಾಸ್ತ್ರ. ಆ ಮೇಲೆ ನೂರರಾಚೆಗೂ ಉರುಳಿದ ಆಯುಷ್ಯ. ಇಷ್ಟನ್ನು ಹೇಳಿದರೆ ಕರುಣೆಯ ಕಥೆಯೊಂದು ಕಣ್ಣಮುಂದೆ ನಿಲ್ಲುವುದು. ಕೃತಿ ಹೊರಬಂದಾಗಿನಿಂದ ಅದಕ್ಕೆ ಎರಡು ಬಗೆಯ ಓದುಗರು. ಕೆಲವರು ಫಣಿಯಮ್ಮನನ್ನು ಸಂತಳೆಂದು ಪೂಜಿಸುವರು. ಇನ್ನು ಕೆಲವರು, ಜೀವಮಾನವೆಲ್ಲ ಸಂಪ್ರದಾಯಕ್ಕೆ ಮಣಿದ ಇಂಥವಳಲ್ಲಿ ಪ್ರತಿಭಟನೆಯೆಲ್ಲಿ ಎಂದು ಕೇಳುವರು. ಈ ಎರಡನೆಯವರ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತನ್ನ ಮಟ್ಟಿಗೆ ಫಣಿಯಮ್ಮ ಒಂದು ನೇಮವನ್ನೂ ಮುರಿಯುವುದಿಲ್ಲ. ಅವಳ ಒಪ್ಪತ್ತಿನ ಊಟ ತಪ್ಪುವುದಿಲ್ಲ, ಮಡಿ ತಪ್ಪುವುದಿಲ್ಲ.

ಆದರೆ ಕಾದಂಬರಿಯ ನಡುವಿನಲ್ಲಿ ಎರಡು ಘಟನೆಗಳು ಬರುತ್ತವೆ. ಅಸ್ಪೃಶ್ಯಳೆನ್ನಿಸಿಕೊಂಡ ಹೆಂಗಸೊಬ್ಬಳು ಹೆರಲಾರದೆ ಒದ್ದಾಡುತ್ತಿರುವಾಗ ಫಣಿಯಮ್ಮ ಗುಟ್ಟಾಗಿ ಅಲ್ಲಿಗೆ ಹೋಗಿ, ತನ್ನ ಸಣ್ಣ ಕೈಗಳಿಂದ ಮಗುವನ್ನು ಹೊರಕ್ಕೆ ತೆಗೆಯುವಳು. ತನ್ನ ಊಟಕ್ಕಾಗಿ, ತನ್ನ ಸುಖಕ್ಕಾಗಿ ಮುರಿಯದ ಮಡಿಯನ್ನು ಇನ್ನೊಬ್ಬಳ ಜೀವಕ್ಕಾಗಿ ಮುರಿಯುವಳು. ಎರಡನೆಯದು ದಾಕ್ಷಾಯಣಿಯ ಪ್ರಸಂಗ. ಗಂಡನನ್ನು ಕಳೆದುಕೊಂಡ ಈ ಹರೆಯದ ಹುಡುಗಿ ತಲೆಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಅತ್ತೆಯಾದವಳು ಹಟಹಿಡಿಯುವಳು. ಮನೆಯವರು ಶಾಸ್ತ್ರದ ಮಾತನ್ನು ಕೇಳಲು ಎದುರು ನೋಡುವುದು ಮಡಿಯಲ್ಲಿ ಜೀವ ತೇದ ಫಣಿಯಮ್ಮನ ಬಾಯಿಂದ. ಫಣಿಯಮ್ಮನೋ ದಾಕ್ಷಾಯಣಿಯ ಪಕ್ಷದಲ್ಲಿ ನಿಲ್ಲುವಳು. ತನಗಾದದ್ದು ಇವಳಿಗಾಗುವುದು ಬೇಡವೆಂಬ ಅವಳ ಒಂದು ಮಾತಿನಿಂದ ಕ್ಷೌರಿಕನ ಕತ್ತಿ ನಿಲ್ಲುತ್ತದೆ.

ದಾಕ್ಷಾಯಣಿ ಒಲ್ಲೆನೆಂದುದು ಧೈರ್ಯವೇ ಹೌದು. ಅವಳಿಗಿಂತ ಮೊದಲು ಒಲ್ಲೆನೆಂದ ಹುಡುಗಿಯರು ಎಷ್ಟು ಜನರಿದ್ದಿರಬೇಕು! ಅವರ ಕೂಗು ಹಿತ್ತಿಲಿನಲ್ಲಿ ಅಡಗಿಹೋಯಿತು. ದಾಕ್ಷಾಯಣಿಯ ಮಾತು ಉಳಿದದ್ದು ಅದರ ಹಿಂದೆ ಆ ಮನೆಯವರು ಅಲ್ಲಗಳೆಯಲಾರದ ಹೆಂಗಸೊಬ್ಬಳು ನಿಂತಳೆಂಬ ಕಾರಣದಿಂದ. 1899ರಲ್ಲಿ ಇಂದಿರಾಬಾಯಿಗೆ ಎರಡನೆಯ ಮನೆಯನ್ನು ತೆರೆದವನು ಇಂಗ್ಲಿಷು ಕಲಿತ ಗಂಡಸು. ಎಂ.ಕೆ. ಇಂದಿರಾ ಅವರಲ್ಲಿ ಅದನ್ನು ತೆರೆಯುವವಳು ತಲೆಬೋಳಿಸಿದ ಮುದುಕಿ. ಅದೂ ಬೇರೊಂದು ಊರಿನಲ್ಲಿ ಅಲ್ಲ, ಅದೇ ಮನೆಯ ನಡುವೆ. ಲಕ್ಕಮ್ಮನ ಪರಂಪರೆಯೆಂದರೆ ಇದೇ. ಫಣಿಯಮ್ಮ ಪಾಲಿಸಿದ ನೇಮಗಳೆಲ್ಲ ಅವಳಿಗೆ ಏನನ್ನೂ ಕೊಡಲಿಲ್ಲವಾದರೂ, ಅವುಗಳಿಂದ ಕೂಡಿಬಂದ ಗೌರವವನ್ನು ಅವಳು ಒಂದೇ ಸಲಕ್ಕೆ ಇನ್ನೊಬ್ಬಳಿಗಾಗಿ ವೆಚ್ಚಮಾಡಿದಳು. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಿತ್ರವಾಗಿಸಿದರು. ಮುಂದೆ ತೇಜಸ್ವಿನಿ ನಿರಂಜನ ಅವರ ಅನುವಾದದಿಂದ ಇಂಗ್ಲಿಷು ವಾಚಕರಿಗೂ ಪರಿಚಯವಾಯಿತು.

ಇದೇ ಅಳತೆಗೋಲನ್ನು ಹಿಡಿದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನೋಡತಕ್ಕದ್ದು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾದ ಈ ಕೃತಿ ಕಾಸರಗೋಡಿನ ಚಂದ್ರಗಿರಿ ನದಿಯ ದಂಡೆಯ ಮುಸ್ಲಿಂ ಕುಟುಂಬವೊಂದರ ಕಥೆ. ನಾದಿರಾಳ ಗಂಡ ರಶೀದ್ ಒಳ್ಳೆಯವನು. ಅವರಿಬ್ಬರಲ್ಲಿ ಮನಸ್ತಾಪವಿಲ್ಲ, ಎಳೆಯ ಮಗುವೊಂದಿದೆ. ಹಣದ ವಿಷಯಕ್ಕೆ ಅಳಿಯನೊಡನೆ ಮುನಿದ ತಂದೆ ಮಹಮ್ಮದ್ ಖಾನ್ ಮಗಳನ್ನು ತನ್ನ ಮನೆಯಲ್ಲಿಯೇ ತಡೆದಿರಿಸಿಕೊಂಡು, ಬಲವಂತದಿಂದ ತಲಾಖ್ ಆಗುವಂತೆ ಮಾಡುವನು. ಮುಂದೆ ಗಂಡಹೆಂಡಿರು ಮತ್ತೆ ಕೂಡಬೇಕೆಂದಾಗ ಬೇರೊಬ್ಬನೊಡನೆ ಒಂದು ರಾತ್ರಿಯ ಮದುವೆಯಾಗದೆ ಅದು ಸಲ್ಲದೆಂಬ ಕಟ್ಟಳೆ ಅಡ್ಡಬರುವುದು. ಆ ರಾತ್ರಿ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುವಳು.

ನಾದಿರಾಳ ಮರಣವನ್ನು ಪ್ರತಿಭಟನೆಯೆನ್ನಬೇಕೆ, ಸೋಲೆನ್ನಬೇಕೆ? ಈ ಕಾದಂಬರಿಯನ್ನು ಕುರಿತು ನಡೆಯುವ ಚರ್ಚೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುವುದು. ಮಸೀದಿಯ ಕೊಳವನ್ನೇ ಆರಿಸಿಕೊಂಡಳಾದ್ದರಿಂದ ಅದು ಕಟ್ಟಳೆ ಮಾಡಿದವರ ಮೇಲೆ ಹೊರಿಸಿದ ದೂರು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ಸತ್ತವಳನ್ನು ವೀರಳೆಂದು ಹಾಡುವುದು ಸುಲಭ, ಬದುಕಿದ್ದವಳಿಗೆ ಜಾಗ ಕೊಡುವುದು ಕಷ್ಟ. ಈ ಸುಲಭದ ದಾರಿಯನ್ನು ವಿಮರ್ಶೆ ಹಿಡಿಯಬಾರದು. ಸಾರಾ ಅವರು ಹಿಡಿದಿಲ್ಲ. ಅವರ ಪುಸ್ತಕದಲ್ಲಿ ಕೊಳಕ್ಕಿಂತ ಭಯಂಕರವಾದುದು ತವರಿನ ಮನೆ. ಇಲ್ಲಿ ಮಗಳಿಗೆ ಬಂದ ಕುತ್ತು ಗಂಡನಿಂದ ಬಂದದ್ದಲ್ಲ, ಹೆತ್ತ ತಂದೆಯಿಂದ ಬಂದದ್ದು. ತಾಯಿಗೆ ಮಗಳ ಮನಸ್ಸು ಗೊತ್ತು. ಎಳವೆಯಲ್ಲಿಯೇ ಆ ಮನೆಗೆ ಬಂದು, ಗಂಡನ ಕೋಪವನ್ನು ಕಂಡು ನಡುಗುವುದನ್ನೇ ಸಂಸಾರವೆಂದು ಕಲಿತ ಅವಳ ಬಾಯಿಂದ ಮಾತು ಹೊರಡದು. ಫಣಿಯಮ್ಮ ನಿಂತ ಜಾಗದಲ್ಲಿ ಇಲ್ಲಿ ಯಾರೂ ನಿಲ್ಲಲಿಲ್ಲ. ದಾಕ್ಷಾಯಣಿಗೂ ನಾದಿರಾಳಿಗೂ ಧೈರ್ಯದಲ್ಲಿ ವ್ಯತ್ಯಾಸವೇನೂ ಕಾಣದು. ಹಿಂದೆ ನಿಂತವರಲ್ಲಿ ವ್ಯತ್ಯಾಸ.

ಈ ಮಾತು ಒಂದು ಮತಕ್ಕೆ ಸೇರಿದ್ದೆಂದು ಯಾರಾದರೂ ತಿಳಿದರೆ ಅವರು ಎರಡು ಪುಸ್ತಕಗಳನ್ನೂ ಸರಿಯಾಗಿ ಓದಿಲ್ಲವೆಂದೇ ಹೇಳಬೇಕು. ಒಂದರಲ್ಲಿ ಶಾಸ್ತ್ರ, ಇನ್ನೊಂದರಲ್ಲಿ ಶರೀಅತ್ತು. ಎರಡರಲ್ಲಿಯೂ ಪುಸ್ತಕದ ಮಾತಿಗಿಂತ ಮನೆಯ ಯಜಮಾನನ ಮಾತು ದೊಡ್ಡದು. ಬೀದರ ಪಟ್ಟಣದಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತಿರುವ ಎರಡು ಸಮಾಜಗಳ ಹೆಂಗಸರಿಗೆ ಇದನ್ನು ಹೊರಗಿನವರು ತಿಳಿಸಬೇಕಾದ್ದಿಲ್ಲ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು 2017ರಲ್ಲಿ ಅಸಿಂಧುವೆಂದಿತು, 2019ರಲ್ಲಿ ಅದು ಶಿಕ್ಷಾರ್ಹ ಅಪರಾಧವಾಯಿತು. ನಾದಿರಾಳ ತಂದೆಯಂಥವನ ಹಟಕ್ಕೆ ಯಾವ ಕೋರ್ಟಿನಲ್ಲಿ ಮದ್ದಿದೆಯೆಂಬುದು ಬೇರೆಯ ಪ್ರಶ್ನೆ.

ನಾದಿರಾಳಿಗೆ ಉತ್ತರವೆಂಬಂತೆ ಓದಬಹುದಾದ ಕಥೆಯೊಂದಿದೆ: ಬಾನು ಮುಷ್ತಾಕ್ ಅವರ 'ಎದೆಯ ಹಣತೆ'. 2025ರ ಮೇ ತಿಂಗಳಲ್ಲಿ ಇವರ ಕಥೆಗಳ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿಯವರೊಡನೆ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಇಂಗ್ಲಿಷು ಸಂಕಲನದ ಹೆಸರು ಈ ಕಥೆಯದೇ. ಪ್ರಶಸ್ತಿಯ ಗದ್ದಲದಲ್ಲಿ ಕಥೆಯನ್ನು ಓದುವುದು ಹಿಂದೆ ಬೀಳಬಾರದು. ಮೆಹರುನ್ ಎಂಬವಳು ಗಂಡ ಬೇರೊಬ್ಬಳನ್ನು ಕಟ್ಟಿಕೊಂಡನೆಂದು ಮೊಲೆಯುಣ್ಣುವ ಕೂಸನ್ನು ಎತ್ತಿಕೊಂಡು ತವರಿಗೆ ಬರುವಳು. ಅಣ್ಣತಮ್ಮಂದಿರಿಗೆ ತಂಗಿಯ ದುಃಖಕ್ಕಿಂತ ಮನೆತನದ ಮಾನ ದೊಡ್ಡದಾಗಿ ಕಾಣುವುದು. ಅಂದೇ ಅವಳನ್ನು ಹಿಂದಕ್ಕೆ ಕರೆದೊಯ್ದು ಗಂಡನ ಮನೆಯಲ್ಲಿ ಬಿಟ್ಟುಬರುವರು. ಇಲ್ಲಿಯವರೆಗಿನ ಕಥೆಯನ್ನು ಬಹಳ ಮಂದಿ ಬರೆದಾರು. ತವರಿನ ಬಾಗಿಲು ಮುಚ್ಚಿದ ಮೇಲೆ, ಆ ರಾತ್ರಿ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ನಿಂತಿರುವಾಗ ಹಿರಿಯ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿಬಂದು ತಾಯಿಯನ್ನು ತಬ್ಬಿಹಿಡಿಯುವಳು. ಕಡ್ಡಿಪೆಟ್ಟಿಗೆ ಕೈಯಿಂದ ಬೀಳುವುದು.

ಇದು ಸುಖಾಂತವಲ್ಲ. ನಾಳೆ ಬೆಳಗ್ಗೆ ಗಂಡ ಹಾಗೆಯೇ ಇರುವನು, ಅಣ್ಣಂದಿರೂ ಹಾಗೆಯೇ ಇರುವರು. ಬದಲಾದದ್ದು ಒಂದೇ. ಕಾಸರಗೋಡಿನ ಮನೆಯಲ್ಲಿ ತಾಯಿಯಿಂದಾಗದೆ ಹೋದುದು ಇಲ್ಲಿ ಹದಿಹರೆಯದ ಮಗಳಿಂದಾಯಿತು. ಎರಡನೆಯ ಮನೆಯೆಂಬುದು ಇಲ್ಲಿ ಅಮೃತರಾಯರ ಮಾಳಿಗೆಯಷ್ಟು ದೊಡ್ಡದಲ್ಲ, ಒಬ್ಬ ಹುಡುಗಿಯ ಎರಡು ತೋಳುಗಳಷ್ಟೇ. ಬಾನು ಅವರ ಇನ್ನೊಂದು ಕಥೆ 'ಕರಿನಾಗರಗಳು' ಗಿರೀಶ ಕಾಸರವಳ್ಳಿಯವರಿಂದ 'ಹಸೀನಾ' ಎಂಬ ಚಿತ್ರವಾದುದು. ಅದರಲ್ಲಿಯೂ ಗಂಡ ಬಿಟ್ಟ ಹೆಂಗಸು ಮಸೀದಿಯ ಮುತವಲ್ಲಿಯ ಬಳಿ ನ್ಯಾಯವನ್ನು ಕೇಳುವಳು, ಸಿಗುವುದಿಲ್ಲ, ಮಗು ಸಾಯುವುದು. ಕಥೆ ಅಲ್ಲಿಗೆ ನಿಲ್ಲದೆ ಮುತವಲ್ಲಿಯ ಮನೆಯನ್ನು ಹೊಗುವುದು. ಅವನ ಹೆಂಡತಿ, ಇಷ್ಟು ದಿನ ಹೆರುತ್ತಲೇ ಇದ್ದವಳು, ಗಂಡನ ಅಪ್ಪಣೆಗೆ ಕಾಯದೆ ಮಕ್ಕಳಾಗದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೊರಡುವಳು. ಬೀದಿಯಲ್ಲಿ ಸೋತ ಹೆಂಗಸಿನ ವ್ಯಾಜ್ಯವನ್ನು ಯಜಮಾನನ ಅಡಿಗೆಮನೆಯಲ್ಲಿ ಇನ್ನೊಬ್ಬಳು ಮುಂದುವರಿಸಿದಳೆಂದು ಇದನ್ನು ಓದಬೇಕು. ಹೀಗೆ ನೋಡದಿದ್ದರೆ ಈ ಕೊನೆ ಕಥೆಗೆ ಅಂಟಿಸಿದ ಬಾಲದಂತೆ ತೋರುವುದು; ಹಾಗೆ ತೋರಿರುವ ಓದುಗರೂ ಉಂಟು.

ಈ ಬಗೆಯ ಸಾಹಿತ್ಯದಲ್ಲಿ ಸೊರಗಿದ ಕೃತಿಗಳಿಗೂ ಕೊರತೆಯಿಲ್ಲ. ನಾಯಿಕೆಯ ಬಾಯಿಗೆ ಸಭೆಯ ಭಾಷಣವನ್ನು ತುರುಕಿ, ಅವಳನ್ನು ರೈಲು ಹತ್ತಿಸಿ, ಪುಸ್ತಕವನ್ನು ಮುಗಿಸಿಬಿಡುವ ಕಾದಂಬರಿಗಳು ಬೇಕಾದಷ್ಟಿವೆ. ಹೆಸರು ಹೇಳುವ ಅಗತ್ಯವಿಲ್ಲ. ಓದಿದವರಿಗೆ ನೆನಪಾಗುವುವು, ಓದದವರಿಗೆ ನಷ್ಟವಿಲ್ಲ. ಅಲ್ಲಿ ಹೊರಟುಹೋಗುವುದು ಬಹಳ ಅಗ್ಗ. ಟಿಕೀಟಿನ ಹಣ ಎಲ್ಲಿಂದ ಬಂತು, ಮಗುವನ್ನು ಯಾರ ಬಳಿ ಬಿಟ್ಟಳು, ಇಳಿದ ಊರಿನಲ್ಲಿ ಒಂಟಿ ಹೆಂಗಸಿಗೆ ಬಾಡಿಗೆಗೆ ಕೋಣೆ ಕೊಟ್ಟವರು ಯಾರು ಎಂಬುದನ್ನು ಲೇಖಕರು ಕೇಳಿಕೊಂಡಿರುವುದಿಲ್ಲ.

ಆ ಹಣದ ಪ್ರಶ್ನೆಯನ್ನು ಕೇಳಿಕೊಂಡ ಲೇಖಕಿ ಈ ಸೀಮೆಯವರೇ ಆಗಿರುವುದು ಸಂತೋಷದ ಸಂಗತಿ. ಕಲಬುರಗಿಯ ಗೀತಾ ನಾಗಭೂಷಣರು ಗಿರಣಿಯ ಕೂಲಿಕಾರನ ಮಗಳಾಗಿ ಹುಟ್ಟಿ, ಕಚೇರಿಯ ಗುಮಾಸ್ತೆಯಾಗಿ, ಬಳಿಕ ಕಾಲೇಜಿನ ಅಧ್ಯಾಪಕಿಯಾಗಿ ಬೆಳೆದವರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. 2010ರಲ್ಲಿ ಗದಗಿನ ಸಮ್ಮೇಳನದ ಅಧ್ಯಕ್ಷತೆಯೂ ಅವರದಾಯಿತು. ಸಮ್ಮೇಳನಗಳ ಇತಿಹಾಸದಲ್ಲಿ ಆ ಪೀಠವನ್ನು ಮೊದಲು ಏರಿದ ಮಹಿಳೆ, 1974ರ ಮಂಡ್ಯದಲ್ಲಿ, ಸೊಲ್ಲಾಪುರದಲ್ಲಿ ಹುಟ್ಟಿ ಬಸವಕಲ್ಯಾಣದಲ್ಲಿ ನೆಲೆಸಿದ ಜಯದೇವಿತಾಯಿ ಲಿಗಾಡೆಯವರು ಎಂಬುದನ್ನೂ ಇಲ್ಲಿಯೇ ನೆನೆಯಬೇಕು. ಗೀತಾ ಅವರ ಕಥೆಗಳ ಹೆಂಗಸರು ದುಡಿಯುವವರು. ಅವರಿಗೆ ಮಡಿಯ ಭಯಕ್ಕಿಂತ ಹಸಿವಿನ ಭಯ, ಸಾಹುಕಾರನ ಕಣ್ಣಿನ ಭಯ, ದೇವರ ಹೆಸರಿನಲ್ಲಿ ಹೆಣ್ಣನ್ನು ಊರಿಗೆ ಬಿಡುವ ಪದ್ಧತಿಯ ಭಯ ಹೆಚ್ಚು. ಇಂಥವರು ಎದುರಾಡುವಾಗ ದನಿ ಜೋರಾಗಿರುವುದು, ಬೈಗುಳ ಸೇರಿರುವುದು. ಶಿಷ್ಟರ ಕಿವಿಗೆ ಅದು ಒರಟಾಗಿ ಕೇಳಿಸಿತು. ಅವರ ಬರವಣಿಗೆಗೆ ಮನ್ನಣೆ ತಡವಾಗಿ ಬಂದುದಕ್ಕೆ ಇದೂ ಒಂದು ಕಾರಣವಿರಬೇಕು. ಅವರ ಕಾದಂಬರಿಗಳಲ್ಲಿ ಕಟ್ಟಡದ ಬಿಗಿ ಅಲ್ಲಲ್ಲಿ ಸಡಿಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಲೆನಾಡಿನ ಹಾಗೂ ಕರಾವಳಿಯ ಮನೆಗಳಿಂದ ಬಂದ ಕಥೆಗಳಲ್ಲಿ ಕಾಣದ ಒಂದು ಸಂಗತಿ ಅಲ್ಲಿದೆ: ಕೈಯಲ್ಲಿ ದಿನಗೂಲಿ ಇರುವವಳಿಗೆ ತವರು ಮುಚ್ಚಿದರೂ ಒಂದು ಗುಡಿಸಲನ್ನು ಹಾಕಿಕೊಳ್ಳುವ ಶಕ್ತಿಯುಂಟು. ಎರಡನೆಯ ಮನೆಯನ್ನು ಅವಳು ಕಟ್ಟಿಕೊಳ್ಳುವಳು, ಬೇಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ಆಶ್ರಯ ದೊರೆತರೆ ಗೆಲವು, ದೊರೆಯದಿದ್ದರೆ ಸೋಲು ಎಂದರೆ ನಾಯಿಕೆಯ ಸಂಕಲ್ಪಕ್ಕೆ ಬೆಲೆಯೇನು ಉಳಿಯಿತು? ಆಕ್ಷೇಪಣೆ ಸಾಧುವಾದುದೇ. ಸಂಕಲ್ಪವಿಲ್ಲದಿದ್ದರೆ ಕಥೆಯೇ ಇಲ್ಲ. ಆದರೆ ಸಂಕಲ್ಪ ಒಂದನ್ನೇ ಅಳೆಯುತ್ತ ಹೋದರೆ, ಒಲ್ಲೆನೆಂದು ಹೇಳಲಾರದೆ ಗಂಡನ ಮನೆಯಲ್ಲಿ ಉಳಿದ ಸಾವಿರಾರು ಹೆಂಗಸರನ್ನು ಹೇಡಿಗಳೆಂದು ಕರೆದಂತಾಗುವುದು. ಅವರಲ್ಲಿ ಬಹಳ ಮಂದಿ ಲೆಕ್ಕ ಬಲ್ಲವರು. ಬಾಗಿಲಿನಾಚೆ ಏನೂ ಇಲ್ಲವೆಂದು ಕಂಡುಕೊಂಡವರು. ವೈದೇಹಿಯವರ ಅಕ್ಕು, ಗಂಡ ಬಿಟ್ಟುಹೋದ ಮೇಲೆ ತವರಿನಲ್ಲಿ ಉಳಿದು, ಹುಚ್ಚಿಯೆನ್ನಿಸಿಕೊಂಡು, ಇಲ್ಲದ ಬಸಿರನ್ನು ಇದೆಯೆಂದು ಸಾರುತ್ತ ತಿರುಗುವಳು. ಹುಚ್ಚಿಯೆಂಬ ಹೆಸರೇ ಅವಳಿಗೆ ಆ ಮನೆಯಲ್ಲಿ ಬಾಯಿಗೆ ಬಂದಂತೆ ನಿಜವಾಡುವ ಹಕ್ಕನ್ನು ಕೊಟ್ಟಿರುವುದು. ಅವಳ ಸಂಕಲ್ಪವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಬೀದರ, ಭಾಲ್ಕಿ, ಔರಾದಗಳ ಮನೆಗಳಿಂದ ಇಂಥ ಕಾದಂಬರಿ ಬರುವುದಕ್ಕೆ ತಡವಾದುದಕ್ಕೆ ಚರಿತ್ರೆಯೇ ಹೊಣೆ. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾನೂನನ್ನು ಮಾಡಿದಾಗ ಈ ಜಿಲ್ಲೆ ನಿಜಾಮರ ಆಳಿಕೆಯಲ್ಲಿದ್ದಿತು. ಅದು ಇಲ್ಲಿಯವರಿಗೆ ಸುದ್ದಿಯಾಗಿಯಾದರೂ ತಲುಪಿತೋ ಇಲ್ಲವೋ. ಹೊರಗ��� ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಬೇಕಾಗಿದ್ದ ಕಾಲವದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹಾಗೆ ಕಲಿಸಿದ ಕಥೆಯನ್ನು ಇಲ್ಲಿಯ ಮನೆಗಳು ಮರೆತಿಲ್ಲ. ಗಂಡುಮಕ್ಕಳಿಗೇ ಕನ್ನಡದ ಅಕ್ಷರ ಅಷ್ಟು ದುರ್ಲಭವಾಗಿದ್ದಾಗ ಹೆಣ್ಣುಮಕ್ಕಳು ಕಾದಂಬರಿ ಬರೆಯುವ ಮಾತೆಲ್ಲಿಯದು? 1956ರಲ್ಲಿ ಜಿಲ್ಲೆ ಕನ್ನಡ ನಾಡನ್ನು ಸೇರಿತು. ಅದೇ ವರುಷ ಹಿಂದೂ ಉತ್ತರಾಧಿಕಾರದ ಕಾನೂನು ಮಗಳಿಗೆ ತಂದೆಯ ಸ್ವತ್ತಿನಲ್ಲಿ ಪಾಲು ಕೊಟ್ಟಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕನ್ನು ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ಕೊಟ್ಟುವು.

ಕಾನೂನಿನ ಪುಸ್ತಕದಲ್ಲಿ ಹೀಗೆ ಎರಡನೆಯ ಮನೆ ಸಿದ್ಧವಾಗಿರುವುದು. ಬಳಕೆಯಲ್ಲಿ ಬೇರೊಂದು ಕಾಗದವಿದೆ. ಅದರ ಹೆಸರು ಹಕ್ಕುಬಿಡುಗಡೆ ಪತ್ರ. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವಾಗ ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆಸುವರು, ಸೀರೆ ಕುಪ್ಪಸ ಕೊಟ್ಟು ಉಡಿ ತುಂಬುವರು, ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂರಿಸುವರು. ಸಹಿ ಹಾಕದಿದ್ದರೆ ತವರು ಮುನಿದೀತೆಂಬ ಅಂಜಿಕೆಯಿಂದ ಅವರು ತವರಿನ ಪಾಲನ್ನು ಬಿಟ್ಟುಕೊಡುವರು. ಹಬ್ಬಕ್ಕೆ ಬಂದುಹೋಗುವ ಬಾಗಿಲು ಮುಚ್ಚದಿರಲೆಂದು, ಬಾಳಲು ಬರಬಹುದಾಗಿದ್ದ ಬಾಗಿಲನ್ನು ತಾವೇ ಮುಚ್ಚಿಕೊಳ್ಳುವರು. ಮೆಹರುನ್‌ಳ ಕಥೆಗೂ ಈ ಬೆಂಚಿಗೂ ನಡುವೆ ಬಹಳ ದೂರವಿಲ್ಲ.

ಈ ಸೀಮೆಯ ಕಥೆಗಾರ್ತಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ? ಔರಾದದ ಕಚೇರಿ, ಮಧ್ಯಾಹ್ನದ ಹೊತ್ತು, ದಸ್ತಾವೇಜು ಬರೆಯುವವನು ಕನ್ನಡದ ಕಾಗದವನ್ನು ಮರಾಠಿಯಲ್ಲಿ ಓದಿ ಹೇಳುತ್ತಿರುವನು, ಮೂವರು ಅಕ್ಕತಂಗಿಯರಲ್ಲಿ ಇಬ್ಬರು ಹೆಬ್ಬೆಟ್ಟು ಒತ್ತಿ ಎದ್ದಾಗಿದೆ. ಮೂರನೆಯವಳ ಹೆಬ್ಬೆರಳಿಗೆ ಮಸಿ ಹತ್ತಿದೆ, ಕೈ ಮಾತ್ರ ಕಾಗದದ ಮೇಲೆ ಇಳಿಯುತ್ತಿಲ್ಲ. ಅಣ್ಣ ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿರುವನು. ತಾಯಿ ಬೆಂಚಿನ ಆ ತುದಿಯಲ್ಲಿ ಕುಳಿತಿರುವಳು.